ಬೆನ್ನು ತಿರುಗಿಸಿ ಹಾಜರಿ ಕರೆದ ಸಣ್ಣ ಸರ್

ಕಳೆದ ವಾರ ಪಕ್ಕದ ಮನೆಯವರು ಕಂಪೌಂಡಿಗೆ ಸುಣ್ಣ ಬಳಿಯಲು ಹೊರಟರು. ಬಿ.ಸಿ.ರೋಡಿನಲ್ಲಿ ಈಗ ಸುಣ್ಣ ಬಳಿಯುವವರು ಯಾರಿದ್ದಾರೆ, ಎಲ್ಲರದ್ದೂ ಡಬ್ಬಿಯ ಪೈಂಟೇ. ಆದರೆ ಆ ಮನೆಯ ಅಜ್ಜನಿಗೊಂದು ಹಠ. ಎಲ್ಲಿಂದಲೋ ಚಿಪ್ಪಿನ ಸುಣ್ಣ ತರಿಸಿ, ಹಳೆಯ ಡ್ರಮ್ಮಿಗೆ ಸುರಿದು, ಮೇಲಿಂದ ನೀರು ಹೊಯ್ದರು. ಅದು ಕೊತಕೊತ ಕುದಿದು ಹಬೆ ಎದ್ದಿತು. ನಾನು ಜಗಲಿಯಲ್ಲಿ ಕುಳಿತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಕೈಯಲ್ಲಿದ್ದ ಕೆಂಪು ಪೆನ್ನು ಹಾಗೆಯೇ ನಿಂತಿತು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕರೆದಳು. ನಾನು ಕೂಡಲೇ ಓಗೊಡಲಿಲ್ಲ.

"ನಿಮಗೆ ಕಿವಿ ಕೇಳುವುದಿಲ್ವಾ?" ಎಂದು ಅವಳು ಮದುವೆಯಾದಂದಿನಿಂದ ಕೇಳುತ್ತಿದ್ದಾಳೆ. ಕಿವಿ ಚೆನ್ನಾಗಿಯೇ ಕೇಳುತ್ತದೆ. ಯಾರಾದರೂ ಕರೆದರೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುವುದು ನನಗೆ ಅಭ್ಯಾಸವಾಗಿದೆ. ಯಾಕೆ ಎಂದು ಅವಳಿಗೂ ಇದುವರೆಗೆ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ, ಓದಿಕೊಳ್ಳಲಿ.

ಸಣ್ಣ ಸರ್ ಎಂದರೆ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಅಸಿಸ್ಟೆಂಟ್ ಕೋಚ್. ಬೆಳ್ತಂಗಡಿ ಪೇಟೆಯಿಂದ ಸ್ವಲ್ಪ ಆಚೆ, ಮುರಕಲ್ಲಿನ ಗುಡ್ಡೆಯ ತಲೆ ಕಡಿದು ಮಾಡಿದ ಮೈದಾನ ನಮ್ಮದು. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲಿಯೇ ಬಾಕಿ. ಅಲ್ಲಿ ನಮಗೆ ಇಬ್ಬರು ಸರ್. ಕಪ್ ಬಂದಾಗ ಫೋಟೋದ ನಡುವೆ ಕುರ್ಚಿಯಲ್ಲಿ ಕೂರುವವರು ದೊಡ್ಡ ಸರ್. ಆ ಫೋಟೋದ ಅಂಚಿನಲ್ಲಿ ಚೆಂಡಿನ ಚೀಲ ಹಿಡಿದು, ಅರ್ಧ ಭುಜ ಕತ್ತರಿಸಿ ಹೋದವರು ಸಣ್ಣ ಸರ್. ದೊಡ್ಡ ಸರ್ ನೆರಳಿನಲ್ಲಿ ನಿಂತು ಕೈ ಬೀಸುತ್ತಿದ್ದರು. ಗೆರೆ ಹಾಕುವುದು, ಚೆಂಡಿಗೆ ಗಾಳಿ ತುಂಬುವುದು, ಬಿಚ್ಚಿದ ಹೊಲಿಗೆಯನ್ನು ದಬ್ಬಣದಲ್ಲಿ ಹೊಲಿಯುವುದು, ಉಳುಕಿದ ಕಾಲಿಗೆ ಬಟ್ಟೆ ಸುತ್ತುವುದು, ಸೋತವರ ಹತ್ತಿರ ಕೂರುವುದು, ಇದೆಲ್ಲ ಸಣ್ಣ ಸರ್ ಪಾಲು. ಹೆಸರಿಗೆ 'ಸಣ್ಣ', ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ.

ಅವರ ಮೈಗೆ ಯಾವಾಗಲೂ ಸುಣ್ಣದ ವಾಸನೆ. ಮಾರ್ಕಿಂಗ್ ಪೌಡರ್ ಎಂದು ಕಾಲೇಜು ತರಿಸಿಕೊಟ್ಟದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಚಿಪ್ಪಿನ ಸುಣ್ಣವನ್ನು ತಾವೇ ನೀರು ಹಾಕಿ ಅರಳಿಸಿ, ಒಣಗಿಸಿ, ಜರಡಿ ಹಿಡಿದು, ತಳ ತೂತು ಮಾಡಿದ ತಗಡಿನ ಡಬ್ಬದಲ್ಲಿ ತುಂಬಿ ಗೆರೆ ಎಳೆಯುತ್ತಿದ್ದರು. ಹಗ್ಗ ಕಟ್ಟದೆ ಎಳೆದರೂ ಗೆರೆ ಕೂದಲೆಳೆಯಷ್ಟು ಅತ್ತಿತ್ತ ಆಗುತ್ತಿರಲಿಲ್ಲ. ಇಷ್ಟು ಗೊತ್ತಿದ್ದವರು ಯಾಕೆ ಅಸಿಸ್ಟೆಂಟ್ ಆಗಿಯೇ ಉಳಿದರು ಎಂದು ಹೊಸದಾಗಿ ಬಂದವರೆಲ್ಲ ಕೇಳುತ್ತಿದ್ದರು. ಉತ್ತರ ಗೊತ್ತಿದ್ದವನು ನಾನೊಬ್ಬನೇ ಎಂದು ಬಹಳ ವರ್ಷ ತಿಳಿದುಕೊಂಡಿದ್ದೆ...

ಅವರು ಹಾಜರಿ ಕರೆಯುತ್ತಿದ್ದ ಕ್ರಮವನ್ನು ಮೊದಲು ಹೇಳಬೇಕು. ಬೇರೆ ಕೋಚುಗಳು ಆಟ ಶುರುವಾಗುವ ಮೊದಲು ಕರೆಯುತ್ತಾರೆ. ಇವರದ್ದು ಮುಗಿದ ಮೇಲೆ, ಮುಸ್ಸಂಜೆಗೆ. ನಡುವಿನಲ್ಲಿ ಯಾರೂ ಜಾರಿಕೊಳ್ಳಬಾರದಲ್ಲ. ನಾವೆಲ್ಲ ನಮ್ಮ ನಮ್ಮ ಜಾಗದಲ್ಲಿ ನಿಲ್ಲಬೇಕು. ಗೋಲಿ ಎಂದು ನಾವು ಕರೆಯುವ ಗೋಲ್‌ಕೀಪರ್ ಗೋಲಿನಲ್ಲಿ, ಬ್ಯಾಕುಗಳು ಹಿಂದೆ, ವಿಂಗಿನವರು ಗೆರೆಯ ಹತ್ತಿರ. ಸರ್ ನಮಗೆ ಬೆನ್ನು ಹಾಕಿ, ಆಚೆ ತುದಿಯ ಖಾಲಿ ಗೋಲಿಗೆ ಮುಖ ಮಾಡಿ ನಿಂತು, ಪುಸ್ತಕ ನೋಡದೆ ಬಾಯಿಪಾಠದಲ್ಲಿ ಒಂದೊಂದೇ ಹೆಸರು ಕರೆಯುತ್ತಿದ್ದರು. ಕರೆದಾಗ 'ಯಸ್ ಸರ್' ಅನ್ನುವ ಹಾಗಿಲ್ಲ. 'ಉಳ್ಳೆ' ಅನ್ನಬೇಕು. ಇದ್ದೇನೆ ಎಂಬುದಕ್ಕೆ ನಮ್ಮ ತುಳುವಿನ ಮಾತು.

"ಆಟದಲ್ಲಿ ಹಿಂದೆ ತಿರುಗಿ ನೋಡ್ಲಿಕ್ಕೆ ಪುರುಸೊತ್ತು ಉಂಟಾ?" ಎಂದು ಕೇಳುತ್ತಿದ್ದರು. "ಸ್ವರ ಕೇಳಿಯೇ ಯಾರು ಎಲ್ಲಿದ್ದಾನೆ ಅಂತ ಗೊತ್ತಾಗ್ಬೇಕು. ಮೊದಲು ನನಗೆ ಗೊತ್ತಾಗ್ತದೆ. ಆಮೇಲೆ ನಿಮಗೂ ಗೊತ್ತಾಗ್ತದೆ."

ಬೆನ್ನು ಹಾಕಿದವರಿಗೆ ಕಾಲೇಜಿನ ಹುಡುಗರು ಏನು ಮಾಡುತ್ತಾರೋ ಅದನ್ನೇ ನಾವೂ ಮಾಡಿದೆವು. ಪ್ರಾಕ್ಸಿ. ನಾನು ಲೆಫ್ಟ್ ಬ್ಯಾಕ್. ನನ್ನ ಮುಂದೆ, ಅದೇ ಬದಿಯ ಮೂಲೆಯಲ್ಲಿ, ಲೆಫ್ಟ್ ವಿಂಗ್ ಆಡುತ್ತಿದ್ದವನು ನನ್ನ ಜೀವದ ಗೆಳೆಯ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಣ್ಣ ಸರ್ ಹೆಸರನ್ನೂ ಬರೆಯುವುದಿಲ್ಲ. ಹೆಸರು ಬರೆಯುವುದೂ ಒಂದು ಬಗೆಯಲ್ಲಿ ಕರೆದ ಹಾಗೆಯೇ. ಕರೆಯುವುದೆಂದರೆ ನನಗೆ ಹೆದರಿಕೆ.

ಅವನ ಮನೆ ಅಳದಂಗಡಿಯಲ್ಲಿ, ರಸ್ತೆಯ ಬದಿಗೇ. ಹೊತ್ತು ಮುಳುಗುವ ಮೊದಲಿನ ಬಸ್ಸು ತಪ್ಪಿದರೆ ಮತ್ತೆ ಒಂದು ಗಂಟೆ ಕಾಯಬೇಕು. ಅಷ್ಟು ಹೊತ್ತು ಅವನ ತಾಯಿ ಬಾಗಿಲು ತೆರೆದಿಟ್ಟು ಹೊಸ್ತಿಲಿನಲ್ಲಿ ನಿಂತಿರುತ್ತಿದ್ದರು, ಕೂರುತ್ತಲೂ ಇರಲಿಲ್ಲ. ಹಾಗಾಗಿ ಅವನು ಹಾಜರಿಗೆ ನಿಲ್ಲದೆ, ಮೂಲೆಯ ಗೇರುಮರದ ಹಿಂದಿನ ಕಾಲುದಾರಿಯಲ್ಲಿ ಮೆಲ್ಲ ಜಾರಿಕೊಳ್ಳುತ್ತಿದ್ದ. ಹನ್ನೊಂದನೆಯದಾಗಿ, ಕಡೆಗೆ, ಅವನ ಹೆಸರು ಬರುವಾಗ ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ, ಸ್ವರ ಸ್ವಲ್ಪ ಬದಲಾಯಿಸಿ 'ಉಳ್ಳೆ' ಅನ್ನುತ್ತಿದ್ದೆ. ಎರಡು ವರ್ಷ ಸರ್ ಒಮ್ಮೆಯೂ ತಿರುಗಿ ನೋಡಲಿಲ್ಲ. ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು.

ಮೂರನೆಯ ವರ್ಷದ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಇಲಿಜ್ವರ ಎಂದು ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ನಾಲ್ಕೇ ದಿವಸ. ಸೋಮವಾರ ನನ್ನ ಹತ್ತಿರ ಬೂಟಿನ ಲೇಸು ಕೇಳಿದವನು ಶುಕ್ರವಾರ ಇರಲಿಲ್ಲ. ಕೊಡುತ್ತೇನೆ ಎಂದಿದ್ದೆ, ಕೊಟ್ಟಿರಲಿಲ್ಲ.

ಬೊಜ್ಜದವರೆಗೆ ಮೈದಾನಕ್ಕೆ ಯಾರೂ ಇಳಿಯುವುದು ಬೇಡ ಎಂದು ಸಣ್ಣ ಸರ್ ಹೇಳಿದರು. ಬೊಜ್ಜ ಎಂದರೆ ಉತ್ತರಕ್ರಿಯೆ, ಗೆಳೆಯನ ಮನೆಯಲ್ಲಿ ಅದು ಹದಿಮೂರನೆಯ ದಿನ. ದೊಡ್ಡ ಸರ್‌ಗೆ ಅಷ್ಟು ದಿನ ಆಟ ನಿಲ್ಲಿಸುವುದು ಇಷ್ಟವಿರಲಿಲ್ಲ, ಟೂರ್ನಮೆಂಟ್ ಹತ್ತಿರವಿತ್ತು. ಕಡೆಗೆ ಬೊಜ್ಜದ ದಿನ ಮಧ್ಯಾಹ್ನ ಊಟ ಮಾಡಿ ಬಂದವರು ಸಂಜೆಯೇ ಮೈದಾನಕ್ಕೆ ಇಳಿಯಬೇಕು ಎಂದು ತೀರ್ಮಾನವಾಯಿತು. ಹೋದೆವು, ಉಂಡೆವು. ಹೊರಡುವಾಗ ಅವನ ತಾಯಿ ಸಣ್ಣ ಸರ್ ಎದುರು ಬಂದು ನಿಂತರು.

"ಮುಸ್ಸಂಜೆಗೆ ಅವನನ್ನು ಒಳಗೆ ಕರೀಲಿಕ್ಕುಂಟು ಸರ್. ನೀವೂ ಇರಿ. ನಿಮ್ಮ ಮಾತು ಕೇಳ್ತಾನೆ ಅವ."

ನಮ್ಮ ಕಡೆಯ ಕ್ರಮ ಅದು. ಬೊಜ್ಜದ ಸಂಜೆ ಒಳಗೆ ಎಲೆ ಹಾಕಿ ಬಡಿಸಿ, ದೀಪ ಇಟ್ಟು, ಮನೆಯವರು ಅಂಗಳದಲ್ಲಿ ನಿಂತು ತೀರಿಹೋದವರ ಹೆಸರನ್ನು ಮೂರು ಸಲ ಕೂಗಿ ಒಳಗೆ ಬಾ ಎಂದು ಕರೆಯುತ್ತಾರೆ. ಬಂದ ಮೇಲೆ ಬಾಗಿಲು ಹಾಕುತ್ತಾರೆ. ಅಲ್ಲಿಗೆ ಹೋದವರು ಮನೆಯ ಹಿರಿಯರ ಜೊತೆ ಸೇರಿದ ಹಾಗೆ.

"ಇವತ್ತು ಪ್ರಾಕ್ಟೀಸು ಶುರು ಅಕ್ಕ," ಎಂದರು ಸಣ್ಣ ಸರ್ ನೆಲ ನೋಡಿಕೊಂಡು. "ದೊಡ್ಡವರು ಬಿಡುವುದಿಲ್ಲ."

ಆವತ್ತು ಯಾರಿಗೂ ಆಡಲು ಮನಸ್ಸಿರಲಿಲ್ಲ. ಮಳೆ ಬಿಟ್ಟಿತ್ತು, ಆದರೆ ಗುಡ್ಡೆಯ ಮೇಲೆ ಮಂಜು ಕೂತಿತ್ತು. ದೊಡ್ಡ ಸರ್ ಅರ್ಧದಲ್ಲೇ ಮನೆಗೆ ಹೋದರು. ಮುಸ್ಸಂಜೆಗೆ ಸಣ್ಣ ಸರ್ ಎಂದಿನಂತೆ ನಮಗೆ ಬೆನ್ನು ಹಾಕಿ ನಿಂತರು. ನಾವು ನಮ್ಮ ಜಾಗಗಳಲ್ಲಿ ನಿಂತೆವು. ಗೋಲಿಯಿಂದ ಶುರುವಾಯಿತು. ಒಂದು, ಎರಡು, ಮೂರು. ನನ್ನ ಹೆಸರು ಬಂತು, ಉಳ್ಳೆ ಎಂದೆ. ಹತ್ತು ಮುಗಿಯಿತು. ಬಾಯಿಪಾಠ ಅಲ್ಲವೇ, ನಾಲಿಗೆ ತಡೆದು ನಿಲ್ಲಲಿಲ್ಲ. ಹನ್ನೊಂದನೆಯ ಹೆಸರೂ ಬಂದುಬಿಟ್ಟಿತು.

ನನ್ನ ನಾಲಿಗೆಯೂ ನಿಲ್ಲಲಿಲ್ಲ. ಎರಡು ವರ್ಷದ ಅಭ್ಯಾಸ. ನಿಂತಲ್ಲಿಂದಲೇ, ಅವನ ಸ್ವರದಲ್ಲಿ, "ಉಳ್ಳೆ" ಎಂದೆ.

ಅಂದ ಮೇಲೆಯೇ ನನಗೆ ಗೊತ್ತಾದದ್ದು. ನನ್ನ ಸ್ವರ ಗುಡ್ಡೆಗೆ ಬಡಿದು ತಿರುಗಿ ಬಂದ ಹಾಗೆ, ಸಣ್ಣಗೆ ಇನ್ನೊಂದು ಸಲ ಕೇಳಿಸಿತು. ಗೋಲಿನಲ್ಲಿದ್ದವನು ಎದೆ ಮುಟ್ಟಿಕೊಂಡ. ಸಣ್ಣ ಸರ್ ತಿರುಗಲಿಲ್ಲ. ಅವರ ಕುತ್ತಿಗೆ ಮಾತ್ರ ಸ್ವಲ್ಪ ಎಡಕ್ಕೆ, ಗೇರುಮರದ ಮೂಲೆಯ ಕಡೆಗೆ ವಾಲಿತು. ಎಷ್ಟೋ ಹೊತ್ತಿನ ಮೇಲೆ, "ಮನೆಗೆ ಹೋಗಿ ಮಕ್ಕಳೇ," ಎಂದರು. ಅದೇ ಹೊತ್ತಿಗೆ ಅಳದಂಗಡಿಯಲ್ಲಿ ಅವನ ತಾಯಿ ಅಂಗಳದಲ್ಲಿ ನಿಂತು ಅದೇ ಹೆಸರನ್ನು ಕೂಗುತ್ತಿದ್ದರು...

ನಾನೇ ಅಂದದ್ದು ಎಂದು ಕೂಡಲೇ ಹೇಳಬೇಕಿತ್ತು. ಹೇಳಲಿಲ್ಲ. ಸತ್ತವನ ಹೆಸರಿಗೆ ಪ್ರಾಕ್ಸಿ ಕೊಟ್ಟೆ ಎಂದು ಯಾವ ಬಾಯಲ್ಲಿ ಹೇಳುವುದು? ನನ್ನ ಹತ್ತಿರ ನಿಂತಿದ್ದವರಿಗೂ ಮಂಜಿನಲ್ಲಿ ಯಾರೆಂದು ಕಂಡಿರಲಿಲ್ಲ. ನನ್ನ ಹಳೆಯ ಪ್ರಾಕ್ಸಿ ಗೊತ್ತಿದ್ದವರೂ ಸತ್ತವನ ಹೆಸರಿಗೆ ನಾನು ಓಗೊಟ್ಟೇನು ಎಂದು ಎಣಿಸಲಿಲ್ಲ. ಮರುದಿನದೊಳಗೆ ಕಾಲೇಜಿನಲ್ಲೆಲ್ಲ ಒಂದೇ ಸುದ್ದಿ. ಕರೆದರು, ಅವನು ಬಂದ.

ನಮ್ಮ ಗೋಲಿಯೂ ಅಳದಂಗಡಿಯವನೇ, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ವಾರದೊಳಗೆ ಸುದ್ದಿ ಆ ತಾಯಿಯ ಕಿವಿಗೆ ಬಿತ್ತು. ಒಂದು ಸಂಜೆ ಅವರು ಮೈದಾನಕ್ಕೆ ಬಂದರು. ಚಪ್ಪಲಿ ಬಿಟ್ಟು, ಸುಣ್ಣದ ಗೆರೆಯ ಆಚೆಯೇ ನಿಂತರು. ಸಣ್ಣ ಸರ್ ಓಡಿ ಬಂದು ಕೈ ಮುಗಿದರು. ಆ ತಾಯಿ ತಪ್ಪು ಹೊರಿಸಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಾನು ಮೂರು ಸಲ ಕರೆದೆ ಸರ್. ಬಂದ ಹಾಗೆ ಆಗ್ಲಿಲ್ಲ. ಬಾಗಿಲು ಹಾಕ್ಲಿಕ್ಕೆ ನಾನು ಬಿಡ್ಲಿಲ್ಲ. ಈಗ ಗೊತ್ತಾಯ್ತು, ಇಲ್ಲಿಗೆ ಬಂದಿದ್ದಾನೆ ಅಂತ." ಅವರು ಮೂಲೆಯ ಕಡೆ ನೋಡಿದರು. "ಇರ್ಲಿ. ಅವನಿಗೆ ಇಲ್ಲಿ ಇಷ್ಟ. ಆದ್ರೆ ನೀವು ಹೋಗುವಾಗ ಅವನನ್ನು ಮನೆಗೆ ಬಿಟ್ಟು ಹೋಗಿ. ನಾನು ಬಾಗಿಲು ತೆರೆದಿಟ್ಟಿರ್ತೇನೆ."

"ಬಿಡ್ತೇನೆ ಅಕ್ಕ," ಎಂದರು ಸಣ್ಣ ಸರ್. ನಾನು ಹತ್ತು ಅಡಿ ದೂರದಲ್ಲಿ ನಿಂತು, ಚೆಂಡಿನ ಮಣ್ಣು ಒರೆಸುವ ನೆಪ ಮಾಡುತ್ತಿದ್ದೆ. ಆ ಚೆಂಡು ಅಷ್ಟು ಚೊಕ್ಕಟ ಯಾವತ್ತೂ ಆಗಿರಲಿಕ್ಕಿಲ್ಲ.

ಆಮೇಲೆ ಸಣ್ಣ ಸರ್ ಹಾಜರಿಯಲ್ಲಿ ಆ ಹೆಸರನ್ನು ಕರೆಯಲಿಲ್ಲ. ಆದರೆ ಹತ್ತು ಹೆಸರು ಮುಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಎಡಕ್ಕೆ ಕುತ್ತಿಗೆ ವಾಲಿಸಿ, ಆಮೇಲೆ ತಲೆಯಾಡಿಸಿ, ಪುಸ್ತಕದಲ್ಲಿ ಏನೋ ಗುರುತು ಹಾಕುತ್ತಿದ್ದರು. ಲೆಫ್ಟ್ ವಿಂಗಿಗೆ ಬಂದ ಹೊಸ ಹುಡುಗ ಆ ಮೂಲೆಗೆ ಹೋಗಲು ಒಪ್ಪುತ್ತಿರಲಿಲ್ಲ. ಅಲ್ಲಿ ಕಾಲು ತಣ್ಣಗಾಗುತ್ತದೆ ಎನ್ನುತ್ತಿದ್ದ. ನಾವು ನಕ್ಕೆವು, ಆದರೆ ನಮ್ಮಲ್ಲಿ ಯಾರೂ ಅಲ್ಲಿಗೆ ಹೋಗಿ ನೋಡಲಿಲ್ಲ. ಬೆಳಿಗ್ಗೆ ಸರ್ ಹೊಸದಾಗಿ ಹಾಕಿದ ಗೆರೆ ಮಧ್ಯಾಹ್ನದೊಳಗೆ ಆ ಮೂಲೆಯಲ್ಲಿ ಮಾತ್ರ ಅಳಿಸಿರುತ್ತಿತ್ತು. ಕಾರ್ನರ್ ಹೊಡೆಯುವವನು ಎಡಗಾಲನ್ನು ಎಳೆದರೆ ಹೇಗೆ ಅಳಿಸುತ್ತದೋ ಹಾಗೆ. ನಾಯಿ ಮಲಗಿದ್ದಿರಬೇಕು ಎಂದರು ದೊಡ್ಡ ಸರ್. ಸಣ್ಣ ಸರ್ ಡಬ್ಬ ತಂದು ಅಷ್ಟನ್ನೇ ತಿದ್ದುತ್ತಿದ್ದರು, ಮಗುವಿನ ತಲೆ ಬಾಚಿದ ಹಾಗೆ.

ಆ ವರ್ಷದ ಕೊನೆಗೆ ಸಣ್ಣ ಸರ್‌ಗೆ ಒಂದು ಯೋಗ ಬಂತು. ಅವರ ಊರು ಮೂಡುಬಿದಿರೆ. ಅಲ್ಲಿಯದೇ ಒಂದು ಕಾಲೇಜಿನವರು ಅವರನ್ನು ಹೆಡ್ ಕೋಚ್ ಆಗಿ ಬನ್ನಿ ಎಂದು ಕರೆದರು. ಹುಲ್ಲಿನ ಮೈದಾನ, ಹಾಸ್ಟೆಲಿನ ಹುಡುಗರು, ಗೆರೆ ಹಾಕಲು ಬೇರೆಯೇ ಜನ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಯಾರಾದರೂ ಬಿಡುತ್ತಾರೆಯೇ? ನಾವೆಲ್ಲ ಅವರಿಗೆ ಕೊಡಲು ಒಂದು ಗಡಿಯಾರ ಕೊಂಡು ತಂದೆವು. ಅವರು ಹೋಗಲಿಲ್ಲ. ಗಡಿಯಾರ ಕಾಲೇಜಿನ ಗೋಡೆಯಲ್ಲಿ ನೇತಾಡಿತು.

ಯಾಕೆ ಹೋಗಲಿಲ್ಲ ಎಂಬುದನ್ನು ನಾನು ಕಣ್ಣಾರೆ ನೋಡಿದ್ದು ಕೊನೆಯ ಪರೀಕ್ಷೆಯ ಸಮಯದಲ್ಲಿ. ವೇಣೂರಿನ ನೆಂಟರ ಮನೆಗೆ ಹೋಗಲು, ಸಣ್ಣ ಸರ್ ದಿನಾ ಊರಿಗೆ ಹೋಗುವ ಮೂಡುಬಿದಿರೆ ಬಸ್ಸನ್ನೇ ಹತ್ತಿದ್ದೆ. ಅವರು ಮುಂದಿನ ಸೀಟಿನಲ್ಲಿ, ಕಿಟಕಿಯ ಬದಿ ಖಾಲಿ ಬಿಟ್ಟು ಕುಳಿತಿದ್ದರು. ನಾನು ಹಿಂದೆ ಕುಳಿತೆ, ಅವರು ನನ್ನನ್ನು ನೋಡಲಿಲ್ಲ. ಕಂಡಕ್ಟರ್ ಬಂದಾಗ ಅವರು, "ಒಂದು ಮೂಡುಬಿದಿರೆ, ಒಂದು ಅಳದಂಗಡಿ," ಎಂದರು. ಕಂಡಕ್ಟರ್ ಎರಡು ಟಿಕೇಟು ಹರಿದು ಕೊಟ್ಟ, ಏನೂ ಕೇಳಲಿಲ್ಲ. ಅಳದಂಗಡಿಯಲ್ಲಿ ಬಸ್ಸು ಸ್ಟಾಪಿಗಿಂತ ಸ್ವಲ್ಪ ಮುಂದೆ, ಆ ಮನೆಯ ಎದುರಿಗೇ ನಿಂತಿತು. ಸಣ್ಣ ಸರ್ ಎದ್ದು, ಕಾಲು ಬದಿಗೆ ಸರಿಸಿ ದಾರಿ ಬಿಟ್ಟರು. ಯಾರೂ ಇಳಿಯಲಿಲ್ಲ. ಅಂಗಳದ ಆಚೆ ಬಾಗಿಲು ಹಾರುಹೊಡೆದಿತ್ತು, ಒಳಗಿನ ದೀಪದ ಬೆಳಕು ಮೆಟ್ಟಿಲಿನವರೆಗೆ ಬಿದ್ದಿತ್ತು. ಹೊಸ್ತಿಲಿನಲ್ಲಿ ಅವನ ತಾಯಿ ನಿಂತಿದ್ದರು.

"ಹೋಗುವ," ಎಂದರು ಸರ್, ಸ್ವಲ್ಪ ಹೊತ್ತು ಬಿಟ್ಟು.

"ರೈಟ್," ಎಂದ ಕಂಡಕ್ಟರ್.

ಅವರು ದಿನಾ ಅವನನ್ನು ಮನೆಗೆ ಬಿಡುತ್ತಿದ್ದರು. ಮೂಡುಬಿದಿರೆಯ ಕೆಲಸಕ್ಕೆ ಸೇರಿದರೆ ಈ ದಾರಿಯಲ್ಲಿ ಬರಲಿಕ್ಕಿಲ್ಲವಲ್ಲ. ನನ್ನ ಬಾಯಿಯಿಂದ ಜಾರಿದ ಒಂದು ಮಾತಿಗೆ ಒಬ್ಬ ಮನುಷ್ಯ ತನ್ನ ಬದುಕಿನ ಬಡ್ತಿ ಬಿಟ್ಟಿದ್ದ, ಒಬ್ಬ ತಾಯಿ ಬಾಗಿಲು ಹಾಕದೆ ನಿಂತಿದ್ದಳು. ವೇಣೂರಿನಲ್ಲಿ ಇಳಿಯುವಾಗ ಹೇಳಿಬಿಡುವ ಎಂದುಕೊಂಡೆ. ಅವರ ಸೀಟಿನ ಹತ್ತಿರ ಬಂದಾಗ ಕಿಟಕಿಯ ಬದಿಯ ಖಾಲಿ ಜಾಗ ನೋಡಿದೆ, ರೆಕ್ಸಿನ್ ಮೇಲೆ ಒಂದಿಷ್ಟು ಸುಣ್ಣದ ಹುಡಿ ಬಿದ್ದಿತ್ತು. ಸರ್ ಬಟ್ಟೆಯಿಂದಲೇ ಬಿದ್ದದ್ದಿರಬೇಕು. ಹೇಳದೆಯೇ ಇಳಿದುಬಿಟ್ಟೆ.

ಹೀಗೆ ಇಪ್ಪತ್ತೆರಡು ವರ್ಷ. ನಾನು ಬಿ.ಸಿ.ರೋಡಿಗೆ ಬಂದು ಪಿಯುಸಿ ಮಕ್ಕಳಿಗೆ ಕಾಮರ್ಸ್ ಕಲಿಸುವವನಾದೆ. ದಿನಾ ಹಾಜರಿ ಕರೆಯುತ್ತೇನೆ. ಯಾರಾದರೂ ಪ್ರಾಕ್ಸಿ ಕೊಟ್ಟರೆ ನನಗೆ ಬರುವ ಸಿಟ್ಟು ಮಕ್ಕಳಿಗೆ ಅರ್ಥವಾಗುವುದಿಲ್ಲ. ಅತ್ತ ಕಾಲೇಜಿನಲ್ಲಿ ದೊಡ್ಡ ಸರ್ ರಿಟೈರ್ ಆದರು, ಇನ್ನೊಬ್ಬರು ಬಂದರು, ಅವರೂ ಹೋದರು, ಮತ್ತೊಬ್ಬರು ಬಂದರು. ಮೂರನೆಯವರು ಸಣ್ಣ ಸರ್ ಕಲಿಸಿದ ಹುಡುಗನೇ. ತಾವು ಬೂಟು ಹಾಕಲು ಕಲಿಸಿದವನ ಕೈಕೆಳಗೆ ಅವರು ಅಸಿಸ್ಟೆಂಟ್ ಆಗಿ ಗೆರೆ ಎಳೆದರು. ಮದುವೆಮುಂಜಿಗಳಲ್ಲಿ ಸಿಕ್ಕಿದಾಗ, "ಎಂತ ಮಾರಾಯ, ಎಡಗಾಲು ಹೇಗುಂಟು?" ಎಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ. ಹೇಳುವ ಎಂದು ಪ್ರತಿ ಸಲ ಹೊರಟು ಪ್ರತಿ ಸಲ ನುಂಗಿಕೊಂಡೆ. ಇಂಥ ಹೇಡಿಯನ್ನು ಅವರು ಬ್ಯಾಕ್ ಎಂದು ನಂಬಿ ಆಡಿಸಿದ್ದರು.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು ಎಂದು ಗೊತ್ತಾಯಿತು. ಮೂಡುಬಿದಿರೆಯಲ್ಲಿ ತಂಗಿಯ ಮನೆಯಲ್ಲಿದ್ದರು. ಅವರಿಗೆ ಮದುವೆಯಾಗಿರಲಿಲ್ಲ, ಅದರ ಲೆಕ್ಕವೂ ನನ್ನದೇ ತಲೆಗೆ ಎಂದು ನನಗೆ ಎಷ್ಟೋ ಸಲ ಅನಿಸಿದ್ದುಂಟು. ಒಂದು ಭಾನುವಾರ ಸಂಜೆ ಹೋದೆ. ತಂಗಿ ನನ್ನನ್ನು ಕೋಣೆಗೆ ಬಿಟ್ಟು ಚಹಾ ಮಾಡಲು ಹೋದರು. ಅಷ್ಟು ಎತ್ತರದ ಆಳು ಮಂಚದಲ್ಲಿ ಗೋಡೆಯ ಕಡೆ ತಿರುಗಿ, ನನಗೆ ಬೆನ್ನು ಹಾಕಿ ಮಲಗಿದ್ದರು. ಮಾತು ತೊದಲುತ್ತಿತ್ತು, ಆದರೆ ಸ್ವರ ಅದೇ.

"ಲೆಫ್ಟ್ ಬ್ಯಾಕ್," ಎಂದರು, ನಾನು ಬಾಯಿ ತೆರೆಯುವ ಮೊದಲೇ. ಹೆಜ್ಜೆ ಕೇಳಿಯೇ ಗೊತ್ತಾಗಿತ್ತು.

ಕುರ್ಚಿ ಎಳೆದು ಕುಳಿತೆ. ಇಪ್ಪತ್ತೆರಡು ವರ್ಷ ಹೊತ್ತದ್ದು ಎರಡೇ ವಾಕ್ಯದಲ್ಲಿ ಮುಗಿಯಿತು. "ಸರ್, ಆವತ್ತು ಉಳ್ಳೆ ಅಂದದ್ದು ನಾನು. ಅವನಲ್ಲ." ಹೇಳಿ ಅತ್ತುಬಿಟ್ಟೆ. ನನ್ನ ಮದುವೆಯಾಗಿ ಇಬ್ಬರು ಮಕ್ಕಳು ಎಂಬುದೆಲ್ಲ ಮರೆತು, ಮೂಗು ಸೋರಿಸಿಕೊಂಡು ಅತ್ತೆ.

ಅವರು ಗೋಡೆಯ ಕಡೆಯಿಂದ ತಿರುಗಲಿಲ್ಲ.

"ನೀನು ಅಂದದ್ದು ಗೊತ್ತುಂಟು," ಎಂದರು. "ಎರಡು ವರ್ಷ ನೀನೇ ಅಲ್ವಾ ಅನ್ನುತ್ತಿದ್ದದ್ದು? ಬಸ್ಸಿಗೆ ಓಡ್ತಿದ್ದಾನೆ, ತಾಯಿ ಕಾಯ್ತಾರೆ, ಓಡ್ಲಿ ಅಂತ ನಾನೇ ತಿರುಗ್ತಿರ್ಲಿಲ್ಲ."

"ಹಾಗಾದ್ರೆ ಯಾಕೆ ಸರ್... ಮೂಡುಬಿದಿರೆಯ ಕೆಲಸ..."

"ಆವತ್ತು ನೀನು ಬ್ಯಾಕಿನಿಂದ ಅಂದೆ. ನೀನು ಅಂದ ಮೇಲೆ ಮೂಲೆಯಿಂದ ಇನ್ನೊಂದು ಬಂತು." ಅವರು ಗೋಡೆಗೇ ಹೇಳುತ್ತಿದ್ದರು. "ದಿನಾ ಓಡುವವ. ಆವತ್ತು ಓಡ್ಲಿಲ್ಲ. ಎರಡು ವರ್ಷದಲ್ಲಿ ಅವ ಪೂರ್ತಿ ನಿಂತು ಹಾಜರಿ ಕೊಟ್ಟದ್ದು ಅದೊಂದೇ ದಿನ. ಅವನನ್ನು ಅಲ್ಲಿ ಬಿಟ್ಟು ಹೇಗೆ ಹೋಗುವುದು?"

ನಾನು ಬಹಳ ಸಲ ಯೋಚಿಸಿದ್ದೇನೆ. ನನ್ನ ಹೊರೆ ಇಳಿಸಲು ಅವರು ಹಾಗೆ ಹೇಳಿದ್ದಿರಬಹುದು. ಸೋತವರ ಹತ್ತಿರ ಕೂತು ಏನಾದರೊಂದು ಹೇಳುವುದು ಅವರ ಕೆಲಸವೇ ಆಗಿತ್ತಲ್ಲ. ಆದರೆ ಆ ಗುಡ್ಡೆಯ ಮೇಲೆ ಸ್ವರ ತಿರುಗಿ ಬರುವುದಿಲ್ಲ. ಮೂರು ವರ್ಷ ಅಲ್ಲಿ ಕೂಗಾಡಿದವನು ನಾನು. ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

"ಈಗ ಅವನನ್ನು ಬಿಡ್ಲಿಕ್ಕೆ ನನಗೆ ಆಗುವುದಿಲ್ಲ," ಎಂದರು ಸರ್. "ನಾನು ಕರೆದವ, ನೀನು ಓಗೊಟ್ಟವ. ನಾವಿಬ್ಬರೇ ಸರಿ ಮಾಡ್ಬೇಕು. ಹಾಜರಿ ಕರೀತೇನೆ. ಈ ಸಲ ಇದ್ದದ್ದು ಇದ್ದ ಹಾಗೆ ಹೇಳು."

ಹೊರಗೆ ಮುಸ್ಸಂಜೆಯಾಗಿತ್ತು. ಅವರು ಗೋಡೆಗೆ ಮುಖ ಮಾಡಿಕೊಂಡೇ ಶುರು ಮಾಡಿದರು. ಗೋಲಿಯ ಹೆಸರು. ಯಾರೂ ಇಲ್ಲ. ರೈಟ್ ಬ್ಯಾಕಿನ ಹೆಸರು. ಒಬ್ಬ ದುಬೈಯಲ್ಲಿ, ಒಬ್ಬ ಉಜಿರೆಯಲ್ಲಿ ಮೆಡಿಕಲ್ ಇಟ್ಟಿದ್ದಾನೆ, ಒಬ್ಬ ಎಲ್ಲಿದ್ದಾನೋ ಗೊತ್ತಿಲ್ಲ. ಒಂದು ಹೆಸರೂ ಅವರಿಗೆ ತಪ್ಪಲಿಲ್ಲ. ನನ್ನದು ಬಂದಾಗ "ಉಳ್ಳೆ" ಎಂದೆ. ಹತ್ತು ಮುಗಿಯಿತು. ಇಪ್ಪತ್ತೆರಡು ವರ್ಷದ ನಂತರ ಆ ಹನ್ನೊಂದನೆಯ ಹೆಸರನ್ನು ಅವರು ಬಾಯಿಬಿಟ್ಟು ಕರೆದರು.

ಕೋಣೆಯಲ್ಲಿ ಸುಣ್ಣದ ವಾಸನೆ ದಟ್ಟವಾಗಿತ್ತು. ನನ್ನ ಎಡಬದಿಗೆ, ಕಿಟಕಿಯ ಹತ್ತಿರ, ಯಾರೋ ಕಾಲು ಬದಲಿಸಿ ನಿಂತ ಹಾಗಾಯಿತು. ನಾನು ಆ ಕಡೆ ನೋಡಲಿಲ್ಲ. ನೋಡುವ ಧೈರ್ಯ ನನಗಿರಲಿಲ್ಲ, ಇದ್ದರೂ ನೋಡುತ್ತಿರಲಿಲ್ಲ.

"ಅವ ಇಲ್ಲ ಸರ್," ಎಂದೆ. ನನ್ನದೇ ಸ್ವರದಲ್ಲಿ ಹೇಳಿದೆ. "ಅವ ಮನೆಗೆ ಹೋದ. ತಾಯಿ ಕಾಯ್ತಿದ್ದಾರೆ."

ಸರ್ ಕುತ್ತಿಗೆ ವಾಲಿಸಿ ಕೇಳಿಸಿಕೊಂಡರು. ಬೇರೆ ಯಾರೂ ಏನೂ ಅನ್ನಲಿಲ್ಲ. "ಸರಿ," ಎಂದರು. "ಇಲ್ಲ ಅಂತ ಹಾಕಿಕೊಳ್ತೇನೆ." ಅಷ್ಟರಲ್ಲಿ ತಂಗಿ ಚಹಾ ತಂದರು, ಸಕ್ಕರೆ ಸ್ವಲ್ಪ ಜಾಸ್ತಿಯೇ ಇತ್ತು.

ಬರುವಾಗ ನೇರ ದಾರಿ ಬಿಟ್ಟು ವೇಣೂರಿನ ಬಸ್ಸು ಹತ್ತಿದೆ. ಅಳದಂಗಡಿಯಲ್ಲಿ ಇಳಿದು ಆ ಮನೆಯ ಗೇಟಿನವರೆಗೆ ನಡೆದೆ. ಅವನ ತಾಯಿ ಈಗ ಮಗಳು, ಮೊಮ್ಮಕ್ಕಳ ಜೊತೆ ಇದ್ದಾರೆ. ಒಳಗೆ ಟಿ.ವಿ. ಕೇಳಿಸುತ್ತಿತ್ತು, ಮಕ್ಕಳು ಯಾವುದಕ್ಕೋ ಜಗಳವಾಡುತ್ತಿದ್ದರು. ಕರೆದು ಹೇಳಬೇಕೆಂದು ಬಂದವನು ಗೇಟಿನ ಮೇಲೆ ಕೈಯಿಟ್ಟು ಹಾಗೆಯೇ ನಿಂತೆ.

ಬಾಗಿಲು ಹಾಕಿತ್ತು.

ಒಳಗೆ ಚಿಲಕ ಸಿಕ್ಕಿಸಿದ ಬಾಗಿಲು. ಅಂಗಳದಲ್ಲಿ ಕತ್ತಲೆ. ಮೊಮ್ಮಗಳೊಬ್ಬಳು ಒಳಗಿನಿಂದ, "ಅಜ್ಜಿ, ಇವತ್ತು ಎಂತಕ್ಕೆ ಇಷ್ಟು ಬೇಗ ಬಾಗಿಲು ಹಾಕಿದ್ದು?" ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಜ್ಜಿ ಏನೆಂದರೋ ಕೇಳಿಸಲಿಲ್ಲ. ನಾನು ಸದ್ದು ಮಾಡದೆ ಗೇಟಿನ ಕೊಂಡಿ ಸರಿಮಾಡಿ ಬಸ್‌ಸ್ಟಾಪಿಗೆ ಬಂದೆ.

ಅದಾಗಿ ಒಂಬತ್ತನೆಯ ದಿನ ಸಣ್ಣ ಸರ್ ತೀರಿಕೊಂಡರು. ಬೊಜ್ಜದ ಸಂಜೆ ತಂಗಿ ಅಂಗಳದಲ್ಲಿ ನಿಂತು ಅವರ ಹೆಸರನ್ನು ಮೂರು ಸಲ ಕೂಗಿದರು. ನಾನು ಹಿಂದಿನ ಸಾಲಿನಲ್ಲಿ ಬಾಯಿಯನ್ನು ಕರವಸ್ತ್ರದಿಂದ ಒತ್ತಿ ಹಿಡಿದು ನಿಂತಿದ್ದೆ, ಅಪ್ಪಿತಪ್ಪಿ ನನ್ನ ನಾಲಿಗೆ ಮತ್ತೆ ಏನಾದರೂ ಅಂದುಬಿಟ್ಟರೆ ಎಂದು. ಅಳು ತಡೆದಿದ್ದಾನೆ ಎಂದು ಪಕ್ಕದವರು ನನ್ನ ಹೆಗಲು ಮುಟ್ಟಿದರು. ಅದೂ ಸುಳ್ಳಲ್ಲ. ಆಮೇಲೆ ಬಾಗಿಲು ಹಾಕಿದರು. ಅವರಿಗಾದರೂ ಕರೆದ ದಿನವೇ ಮನೆ ಸಿಕ್ಕಿತು ಎಂದುಕೊಂಡೆ.

ಈ ಮಳೆಗಾಲದ ಮೊದಲು ಒಮ್ಮೆ ಆ ಮೈದಾನಕ್ಕೆ ಹೋಗಿದ್ದೆ. ಈಗ ಚಕ್ರದ ಯಂತ್ರದಲ್ಲಿ ಗೆರೆ ಹಾಕುತ್ತಾರೆ. ಗೇರುಮರ ಕಡಿದಿದ್ದಾರೆ. ಎಡಮೂಲೆಯಲ್ಲಿ ಒಬ್ಬ ಹುಡುಗ ಚೆಂಡು ಇಟ್ಟು ಕಾರ್ನರ್ ಹೊಡೆಯುತ್ತಿದ್ದ, ಕಾಲು ತಣ್ಣಗಾದಂತೇನೂ ಕಾಣಲಿಲ್ಲ. ಹಾಜರಿಯನ್ನು ಮೊಬೈಲಿನಲ್ಲಿ ಹಾಕುತ್ತಾರಂತೆ. ಬೆನ್ನು ಹಾಕಿ ನಿಂತು, ಸ್ವರ ಕೇಳಿ, ಇದ್ದವರನ್ನೂ ಇಲ್ಲದವರನ್ನೂ ಗುರುತಿಸುವವರು ಇನ್ನು ಯಾರಿದ್ದಾರೆ...

ಅಜ್ಜನ ಡ್ರಮ್ಮಿನಲ್ಲಿ ಸುಣ್ಣ ಕುದಿದು ಕುದಿದು ತಣ್ಣಗಾಯಿತು. ಒಳಗಿನಿಂದ ಹೆಂಡತಿ ಎರಡನೆಯ ಸಲ ನನ್ನ ಹೆಸರು ಹಿಡಿದು ಕರೆದಳು. ನಾನು ಪೆನ್ನು ಕೆಳಗಿಟ್ಟು ಒಂದು ಉಸಿರಿನಷ್ಟು ಹೊತ್ತು ಕಾದೆ, ನನ್ನ ಮೊದಲು ಬೇರೆ ಯಾರಾದರೂ ಅನ್ನುತ್ತಾರೋ ಎಂದು. ಯಾರೂ ಅನ್ನಲಿಲ್ಲ. ಸಣ್ಣ ಸರ್ ಇಲ್ಲ, ಅವನೂ ಇಲ್ಲ, ಇಬ್ಬರೂ ಅವರವರ ಮನೆ ಸೇರಿದ್ದಾರೆ.

"ಉಳ್ಳೆ," ಎಂದೆ.